ಕಂಪನಿಗೆ ಅಷ್ಟಾಗಿ ಹಿಡಿಸದ ಹಾಡು ನಂಬರ್ ಒನ್ ಆದ ಬಗೆ

1996ರ ಜುಲೈ 8, ಸೋಮವಾರ. ಬ್ರಿಟನ್ನಿನ ಅಂಗಡಿಗಳಿಗೆ ಒಂದು ಹೊಸ ಸಿಡಿ ಬಂತು. ಹಾಡಿನ ಹೆಸರು ‘ವಾನಬೀ’. ಹಾಡಿದವರು ಸ್ಪೈಸ್ ಗರ್ಲ್ಸ್ ಅನ್ನುವ ಐದು ಹುಡುಗಿಯರ ತಂಡ. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ 20 ವರ್ಷ, ದೊಡ್ಡವಳಿಗೆ 23. ಅದಕ್ಕೂ ಮುಂಚೆ ಅವರದೊಂದು ಹಾಡೂ ಬ್ರಿಟನ್ನಿನ ಮಾರುಕಟ್ಟೆಗೆ ಬಂದಿರಲಿಲ್ಲ. ಎರಡು ವಾರ ಮುಗಿಯುವಷ್ಟರಲ್ಲಿ ಹಾಡು ಬ್ರಿಟನ್ನಿನ ವಾರದ ಮಾರಾಟದ ಪಟ್ಟಿಯಲ್ಲಿ ನಂಬರ್ ಒನ್ ಆಯಿತು. ಏಳು ವಾರ ಜಾಗ ಬಿಟ್ಟು ಕದಲಲಿಲ್ಲ.

ಇಷ್ಟು ಕಥೆ ಬಹಳ ಜನಕ್ಕೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಬೇರೆ. ಹಾಡು ಹೊರತಂದ ವರ್ಜಿನ್ ರೆಕಾರ್ಡ್ಸ್ ಕಂಪನಿಗೆ ಇದು ಮೊದಲ ಹಾಡಾಗಿ ಬರುವುದು ಇಷ್ಟವಿರಲಿಲ್ಲ. ವಿಡಿಯೊ ನೋಡಿದಾಗಲೂ ಅಲ್ಲಿನವರು ಮುಖ ಸಿಂಡರಿಸಿದರು. ಹಾಗಾದರೆ ಇದು ಗೆದ್ದದ್ದು ಹೇಗೆ? ಸುಮ್ನೆ ‘ಹಾಡು ಚೆನ್ನಾಗಿತ್ತು’ ಅಂದರೆ ಉತ್ತರ ಆಗಲ್ಲ. ಚೆನ್ನಾಗಿರುವ ಎಷ್ಟೋ ಹಾಡುಗಳು ಯಾರ ಕಿವಿಗೂ ಬೀಳದೆ ಹೋಗುತ್ತವೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಹಾಡು ಅಂದರೆ ಹೆಚ್ಚಾಗಿ ಸಿನಿಮಾ ಹಾಡು. ಪಾತ್ರ, ಸನ್ನಿವೇಶ, ಹೀರೋ ಎಲ್ಲ ಅದರ ಬೆನ್ನಿಗಿರುತ್ತವೆ. ಬ್ರಿಟನ್ನಿನ ಪಾಪ್ ಲೋಕದಲ್ಲಿ ಹಾಡು ಒಂಟಿಯಾಗಿ ಮಾರುಕಟ್ಟೆಗೆ ಇಳಿಯುತ್ತದೆ. ಅದಕ್ಕೆ ಸಿಂಗಲ್ ಅನ್ನುತ್ತಾರೆ. ಆ ಕಾಲದಲ್ಲಿ ಅದು ಒಂದು ಮುಖ್ಯ ಹಾಡು, ಜೊತೆಗೆ ಒಂದೆರಡು ಹೆಚ್ಚುವರಿ ಹಾಡು, ಇಷ್ಟೇ ಇರುವ ಸಿಡಿ ಅಥವಾ ಕ್ಯಾಸೆಟ್. ಇಡೀ ಆಲ್ಬಮ್ ಆಮೇಲೆ ಬರುತ್ತದೆ. ಈ ತಂಡದ ಆಲ್ಬಮ್ ಬಂದದ್ದು 1996ರ ನವೆಂಬರ್‌ನಲ್ಲಿ. ಈಗ ಕನ್ನಡ ಸಿನಿಮಾದವರು ಬಿಡುಗಡೆಗೆ ಮುಂಚೆ ಒಂದೊಂದೇ ಲಿರಿಕಲ್ ವಿಡಿಯೊ ಬಿಡುತ್ತಾರಲ್ಲ, ಕೆಲಸ ಹೆಚ್ಚು ಕಡಿಮೆ ಅದೇ. ಆದರೆ ಹೊಸ ತಂಡಕ್ಕೆ ಮೊದಲ ಸಿಂಗಲ್ ಅಂದರೆ ಪ್ರಾಣದ ಪ್ರಶ್ನೆ. ಅದು ಬಿದ್ದರೆ ಎರಡನೆಯದಕ್ಕೆ ದುಡ್ಡು ಹಾಕುವ ಮುಂಚೆ ಕಂಪನಿ ಹತ್ತು ಸಲ ಯೋಚಿಸುತ್ತದೆ.

ತಂಡ ಹುಟ್ಟಿದ್ದು ಪತ್ರಿಕೆಯ ಜಾಹೀರಾತಿನಿಂದ. 1994ರಲ್ಲಿ ಮ್ಯಾನೇಜರ್ ಬಾಬ್ ಹರ್ಬರ್ಟ್ ಮತ್ತು ಅವರ ಮಗ ಕ್ರಿಸ್ ಹರ್ಬರ್ಟ್ ರಂಗಭೂಮಿಯವರ ಪತ್ರಿಕೆ ‘ದಿ ಸ್ಟೇಜ್’ನಲ್ಲಿ ಜಾಹೀರಾತು ಕೊಟ್ಟರು. 18ರಿಂದ 23 ವಯಸ್ಸಿನ, ಹಾಡೋಕೆ ಕುಣಿಯೋಕೆ ಬರುವ ಹುಡುಗಿಯರು ಬೇಕು ಅಂತ. ಸುಮಾರು 400 ಜನ ಬಂದರು. ಆಯ್ಕೆಯಾದ ಐವರಲ್ಲಿ ಒಬ್ಬಳು ಹೊರಟುಹೋದಳು, ಅವಳ ಜಾಗಕ್ಕೆ ಎಮ್ಮಾ ಬಂಟನ್ ಬಂದಳು. ಉಳಿದವರು ಮೆಲಾನಿ ಬ್ರೌನ್, ಮೆಲಾನಿ ಚಿಸಮ್, ಜೆರಿ ಹ್ಯಾಲಿವೆಲ್ ಮತ್ತು ವಿಕ್ಟೋರಿಯಾ ಆಡಮ್ಸ್. ಈ ಕೊನೆಯವಳೇ ಮುಂದೆ ವಿಕ್ಟೋರಿಯಾ ಬೆಕಮ್. ಮೆಲಾನಿಗಳು ಇಬ್ಬರಿದ್ದ ಕಾರಣ ಒಬ್ಬಳು ಮೆಲ್ ಬಿ, ಇನ್ನೊಬ್ಬಳು ಮೆಲ್ ಸಿ. ತಂಡದ ಮೊದಲ ಹೆಸರು ‘ಟಚ್’. ಮೇಡನ್‌ಹೆಡ್ ಅನ್ನುವ ಊರಿನ ಒಂದು ಮನೆಯಲ್ಲಿ ಐವರನ್ನೂ ಒಟ್ಟಿಗೆ ಇರಿಸಿ ತಾಲೀಮು ಮಾಡಿಸಿದರು.

ಇಲ್ಲಿಯವರೆಗೆ ಇದು ‘ರೆಡಿಮೇಡ್ ತಂಡ’ದ ಕಥೆ. ಆಮೇಲೆ ತಿರುವು. 1995ರ ಮಾರ್ಚ್‌ನಲ್ಲಿ ಹುಡುಗಿಯರು ತಮ್ಮನ್ನು ಒಟ್ಟುಗೂಡಿಸಿದ ಮ್ಯಾನೇಜರ್‌ಗಳನ್ನೇ ಬಿಟ್ಟು ಹೊರಗೆ ಬಂದರು. ಸೈಮನ್ ಫುಲ್ಲರ್ ಅನ್ನುವ ಬೇರೆ ಮ್ಯಾನೇಜರ್ ಜೊತೆ ಸೇರಿದರು, ಅದೇ ವರ್ಷ ವರ್ಜಿನ್ ಜೊತೆ ಒಪ್ಪಂದ ಮಾಡಿಕೊಂಡರು. ಇನ್ನೊಬ್ಬರು ಕಟ್ಟಿದ ತಂಡ ತನ್ನ ಯಜಮಾನರನ್ನು ತಾನೇ ಬದಲಾಯಿಸಿತು. ಮುಂದೆ ಈ ಹಾಡಿನ ವಿಷಯಕ್ಕೆ ಜಗಳ ಬಂದಾಗಲೂ ಇದೇ ಹಟ ಕೆಲಸಕ್ಕೆ ಬಂತು.

ಈಗ ಹಾಡಿಗೆ ಬರೋಣ. ಲಂಡನ್ನಿನ ಶೋರ್ಡಿಚ್‌ನಲ್ಲಿ ಸ್ಟ್ರಾಂಗ್‌ರೂಮ್ ಅನ್ನುವ ಸ್ಟುಡಿಯೊ ಇದೆ. ರಿಚರ್ಡ್ ಸ್ಟ್ಯಾನರ್ಡ್ ಮತ್ತು ಮ್ಯಾಟ್ ರೋ ಅನ್ನುವ ಇಬ್ಬರು ಅಲ್ಲಿ ಕೆಲಸ ಮಾಡುತ್ತಿದ್ದರು. ಅಕಾಯ್ ಕಂಪನಿಯ ಡ್ರಮ್ ಮಷಿನ್‌ನಲ್ಲಿ ಒಂದು ಸರಳ ಬಡಿತ ಹಾಕಿ ಬಿಟ್ಟರು. ಅದು ತಿರುಗಿ ತಿರುಗಿ ಬರುತ್ತಿತ್ತು. ಅದರ ಮೇಲೆ ಐವರೂ ತಮಗೆ ತೋಚಿದ್ದನ್ನು ಕೂಗುತ್ತಾ, ತಮಾಷೆ ಮಾಡುತ್ತಾ ಸಾಲು ಕಟ್ಟಿದರು. ಅರ್ಧ ಗಂಟೆಯ ಆಚೀಚೆ ಹಾಡಿನ ಆಕಾರ ಸಿಕ್ಕಿಬಿಟ್ಟಿತು. ಅರ್ಧ ಗಂಟೆ ಅಂದರೆ ಪವಾಡ ಏನಲ್ಲ. ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ ಇದ್ದು, ಹಗಲೂ ರಾತ್ರಿ ಹಾಡಿಕೊಂಡಿದ್ದ ಹುಡುಗಿಯರ ತಲೆಯಲ್ಲಿ ತುಣುಕುಗಳು ಆಗಲೇ ಇದ್ದವು.

ಹಾಡಿನ ಉದ್ದ 2 ನಿಮಿಷ 53 ಸೆಕೆಂಡು. ಇಷ್ಟರಲ್ಲಿ ಏನೇನಾಗುತ್ತದೆ ಅಂತ ಗಮನ ಕೊಟ್ಟು ಕೇಳಿದರೆ ಆಶ್ಚರ್ಯವಾಗುತ್ತದೆ. ಶುರುವಿನಲ್ಲಿ ರಾಗವಿಲ್ಲ, ವಾದ್ಯವೂ ಇಲ್ಲ. ಯಾರೋ ಓಡಿ ಬರುವ ಹೆಜ್ಜೆ ಸದ್ದು, ಮೆಲ್ ಬಿ ನಗು. ಆಮೇಲೆ ಅವಳೂ ಜೆರಿಯೂ ಸವಾಲ್–ಜವಾಬಿನ ಹಾಗೆ ಕೂಗಾಡುತ್ತಾರೆ. ನನಗೇನು ಬೇಕು ಹೇಳಲಾ ಅಂತ ಒಬ್ಬಳು, ಹೇಳು ಮತ್ತೆ ಅಂತ ಇನ್ನೊಬ್ಬಳು. ಏನು ಬೇಕು ಅನ್ನುವುದಕ್ಕೆ ಉತ್ತರವಾಗಿ ಬರುವುದು ‘ಝಿಗಝಿಗ್ ಆ’ ಅನ್ನುವ ಅರ್ಥವಿಲ್ಲದ ಸದ್ದು. ಸಾಮಾನ್ಯ ಪಾಪ್ ಹಾಡಿನಲ್ಲಿ ಮೊದಲು ಒಂದು ಚರಣ ಬಂದು, ಕೇಳುಗನನ್ನು ನಿಧಾನಕ್ಕೆ ಮೇಲೆ ಕರೆದುಕೊಂಡು ಹೋಗಿ, ಪಲ್ಲವಿಯಲ್ಲಿ ಬಿಡುತ್ತದೆ. ಇಲ್ಲಿ ಆ ಏಣಿಯೇ ಇಲ್ಲ. ಕಿವಿ ಹಿಡಿಯುವ ತುಣುಕನ್ನು ಎಲ್ಲಕ್ಕಿಂತ ಮುಂದೆ ಇಟ್ಟಿದ್ದಾರೆ. ಸಂಗೀತ ವ್ಯಾಪಾರದವರು ಇಂಥ ತುಣುಕಿಗೆ ಹುಕ್ ಅನ್ನುತ್ತಾರೆ. ಈ ಹಾಡಿನಲ್ಲಿ ಒಂದು ಹುಕ್ ಮುಗಿಯುವ ಮುಂಚೆ ಇನ್ನೊಂದು ಬರುತ್ತದೆ. ಕೂಗು, ಹಾಡು, ಪಲ್ಲವಿ, ರ್ಯಾಪ್, ಮತ್ತೆ ಕೂಗು. ಉಸಿರಾಡೋಕೆ ಜಾಗ ಕಡಿಮೆ.

ಪಲ್ಲವಿಯ ವಿಷಯ ಏನು? ನನ್ನ ಜೊತೆ ಪ್ರೀತಿ ಬೇಕು ಅಂದರೆ ಮೊದಲು ನನ್ನ ಗೆಳತಿಯರ ಜೊತೆ ಹೊಂದಿಕೋ, ಪ್ರೇಮ ಇವತ್ತಿದ್ದು ನಾಳೆ ಹೋಗಬಹುದು, ಸ್ನೇಹ ಹೋಗಲ್ಲ. ಪ್ರೇಮಗೀತೆಗಳೇ ತುಂಬಿದ್ದ ಪೇಟೆಯಲ್ಲಿ ಹುಡುಗನನ್ನು ಎರಡನೇ ಸಾಲಿಗೆ ತಳ್ಳಿದ ಹಾಡಿದು. ಇದನ್ನು ಕೊಂಡವರಲ್ಲಿ ಶಾಲೆಗೆ ಹೋಗುವ ಹುಡುಗಿಯರು ಬಹಳ. ಅವರ ಬದುಕಿನಲ್ಲಿ ಪ್ರಿಯಕರ ಇನ್ನೂ ಕಲ್ಪನೆ, ಗೆಳತಿ ಮಾತ್ರ ನಿಜ. ಹಾಡು ಅವರಿಗೆ ನೇರ ತಾಗಿತು.

ನನ್ನ ಲೆಕ್ಕದಲ್ಲಿ ಹಾಡಿನ ಜಾಣತನ ಎಲ್ಲ ಇರುವುದು ನಡುವಿನ ರ್ಯಾಪ್‌ನಲ್ಲಿ. ಅಲ್ಲಿ ತಂಡದವರ ಪರಿಚಯ ಆಗುತ್ತದೆ. ಎಮ್ಮಾ ಇಂಥವಳು, ವಿಕ್ಟೋರಿಯಾ ಇಂಥವಳು ಅಂತ ಒಂದೊಂದು ಚುಟುಕು ಮಾತು. ಹೊಸಬರು ಸಭೆಗೆ ಬಂದು ತಾವು ಯಾರು ಅಂತ ಹೇಳಿಕೊಂಡು ಆಟ ಶುರು ಮಾಡುವುದು ನಮಗೆ ಹೊಸದಲ್ಲ. ಬಯಲಾಟದಲ್ಲಿ ವೇಷ ರಂಗಕ್ಕೆ ಬಂದೊಡನೆ ನಡೆಯುವುದೂ ಅದೇ. ಹಾಡೇ ತಂಡದ ಜಾಹೀರಾತು. ಬೇರೆ ತಂಡಗಳು ಪತ್ರಿಕೆಗಳ ಸಂದರ್ಶನದಲ್ಲಿ ಮಾಡುವ ಕೆಲಸವನ್ನು ಇವರು ಹಾಡಿನೊಳಗೇ ಮಾಡಿ ಮುಗಿಸಿದರು.

ಒಂದು ತಮಾಷೆ ನೋಡಿ. ವಿಕ್ಟೋರಿಯಾಗೆ ಹಾಡಿನಲ್ಲಿ ಒಂಟಿಯಾಗಿ ಹಾಡುವ ಒಂದು ಸಾಲೂ ಇಲ್ಲ. ಕೆಲಸ ನಡೆಯುವಾಗ ಅವಳು ಯಾವುದೋ ಮದುವೆಗೆ ಹೋಗಿದ್ದಳು. ಫೋನಿನಲ್ಲೇ ವಿಷಯ ಕೇಳಿಕೊಂಡಳು. ಕೊನೆಗೆ ಹಿಂದಿನ ದನಿಯಲ್ಲಿ ಮಾತ್ರ ಅವಳಿದ್ದಾಳೆ. ಆದರೂ ಹಾಡು ಬರೆದವರ ಪಟ್ಟಿಯಲ್ಲಿ ಅವಳ ಹೆಸರು ಉಳಿದವರಷ್ಟೇ ಸಮನಾಗಿ ಇದೆ.

ಇದು ಸಣ್ಣ ವಿಷಯವಲ್ಲ. ದುಡ್ಡಿನ ಲೆಕ್ಕ ಇಲ್ಲಿದೆ. ಪಾಪ್ ಹಾಡಿಗೆ ಎರಡು ಬಗೆಯ ಹಕ್ಕು ಇರುತ್ತದೆ. ಒಂದು ಧ್ವನಿಮುದ್ರಣದ್ದು. ಅದು ಸಾಮಾನ್ಯವಾಗಿ ಕಂಪನಿಯ ಕೈಯಲ್ಲಿರುತ್ತದೆ, ಹಾಡಿದವರಿಗೆ ಅದರಲ್ಲಿ ಒಂದು ಪಾಲು ಸಿಗುತ್ತದೆ, ಅದೂ ಕಂಪನಿ ಮೊದಲು ಕೊಟ್ಟ ಮುಂಗಡ ತೀರಿದ ಮೇಲೆ. ಇನ್ನೊಂದು ರಚನೆಯ ಹಕ್ಕು, ಅಂದರೆ ಸಾಹಿತ್ಯ ಮತ್ತು ರಾಗದ್ದು. ಸಿಡಿ ಮಾರಾಟವಾದಾಗ, ರೇಡಿಯೊದಲ್ಲಿ ಬಂದಾಗ, ಬೇರೆ ಯಾರೋ ಹಾಡಿದಾಗ ಬರೆದವರಿಗೆ ದುಡ್ಡು ಬರುತ್ತದೆ. ಹಾಡಿದವರ ಹೆಸರು ಮರೆತುಹೋದರೂ ಬರೆದವರಿಗೆ ಚೆಕ್ ತಪ್ಪಲ್ಲ. ಪೇಟೆಗೆ ಹೊಸದಾಗಿ ಬರುವ ಹುಡುಗ ಹುಡುಗಿಯರ ತಂಡಗಳಿಗೆ ಬಹಳ ಸಲ ಈ ಎರಡನೇ ಪಾಲು ಇರುವುದೇ ಇಲ್ಲ, ಬೇರೆಯವರು ಬರೆದದ್ದನ್ನು ಹಾಡಿ ಬರುತ್ತಾರೆ. ಸ್ಪೈಸ್ ಗರ್ಲ್ಸ್ ಮೊದಲಿನಿಂದ ಬರೆಯುವವರ ಜೊತೆ ಕೂತು ಬರೆದರು. ಯಾರು ಎಷ್ಟು ಬರೆದರು ಅಂತ ತಕ್ಕಡಿ ಹಿಡಿಯದೆ ತಮ್ಮ ಪಾಲನ್ನು ಐವರಿಗೂ ಸಮನಾಗಿ ಹಂಚಿಕೊಂಡರು. ‘ವಾನಬೀ’ಗೆ ಹೀಗೆ ಏಳು ಜನ ಲೇಖಕರು, ಐವರು ಹುಡುಗಿಯರು ಮತ್ತು ಸ್ಟ್ಯಾನರ್ಡ್, ರೋ. ತಂಡದೊಳಗೆ ‘ನಿನ್ನ ಹಾಡು, ನನ್ನ ಹಾಡು’ ಅನ್ನುವ ಜಗಳ ಬಾರದಂತೆ ಇದು ತಡೆಯಿತು. ಇಪ್ಪತ್ತರ ಆಸುಪಾಸಿನ ಹುಡುಗಿಯರಿಗೆ ಇಷ್ಟು ವ್ಯವಹಾರ ಬುದ್ಧಿ ಇತ್ತು ಅನ್ನುವುದು ನನಗೆ ಹಾಡಿಗಿಂತ ಜಾಸ್ತಿ ಇಷ್ಟ.

ಹಾಡು ಬರೆದದ್ದು ಬೇಗ, ಆದರೆ ಸಿದ್ಧವಾದದ್ದು ಬೇಗ ಅಲ್ಲ. ಮುದ್ರಿಸಿದ ದನಿ, ಡ್ರಮ್, ಬೇಸ್ ಎಲ್ಲ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಇರುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ತೂಗಿ ಕೂರಿಸುವ ಕೆಲಸಕ್ಕೆ ಮಿಕ್ಸ್ ಅನ್ನುತ್ತಾರೆ. ಕಂಪನಿಯವರಿಗೆ ಹಾಡು ಹಸಿಯಾಗಿದೆ ಅನ್ನಿಸಿತು. ಅಮೆರಿಕದ ಕಪ್ಪು ಜನರ ಸಂಗೀತದಿಂದ ಬಂದ ಆರ್ ಅಂಡ್ ಬಿ ಧಾಟಿ ಬರಲಿ ಅಂತ ಅಲ್ಲಿ ಮಿಕ್ಸ್ ಮಾಡಿಸಿ ನೋಡಿದರು. ಹುಡುಗಿಯರು ಕೇಳಿ ಬೇಡವೇ ಬೇಡ ಅಂದರು. ಕೊನೆಗೆ ಮಾರ್ಕ್ ‘ಸ್ಪೈಕ್’ ಸ್ಟೆಂಟ್ ಅನ್ನುವ ಬ್ರಿಟಿಷ್ ಇಂಜಿನಿಯರ್ ಮಾಡಿದ ಮಿಕ್ಸ್ ಉಳಿಯಿತು. ಅದರಲ್ಲಿ ದನಿಗಳು ಬಿಗಿಯಾದವು, ಆದರೆ ಗದ್ದಲ ಹಾಗೇ ಇತ್ತು.

ಆಮೇಲೆ ಮೊದಲ ಸಿಂಗಲ್ ಯಾವುದು ಅನ್ನುವ ಜಗಳ. ಕಂಪನಿಯ ಒಲವು ‘ಸೇ ಯು ವಿಲ್ ಬಿ ದೇರ್’ ಕಡೆಗೆ ಇತ್ತು. ಅದು ನುಣುಪಾದ ಹಾಡು, ರೇಡಿಯೊಗೆ ಸರಿಹೊಂದುವ ಹಾಡು. ನನ್ನನ್ನು ಕೇಳಿದರೆ ಬರೀ ರಾಗದ ದೃಷ್ಟಿಯಲ್ಲಿ ಅದೇ ಮೇಲು. ಆದರೆ ಆ ಹಾಡನ್ನು ಯಾರು ಬೇಕಾದರೂ ಹಾಡಬಹುದಿತ್ತು. ‘ವಾನಬೀ’ಯನ್ನು ಈ ಐವರನ್ನು ಬಿಟ್ಟು ಬೇರೆಯವರು ಹಾಡಿದರೆ ಅದರ ಅರ್ಧ ಕೆಟ್ಟುಹೋಗುತ್ತದೆ. ತಂಡ, ಮುಖ್ಯವಾಗಿ ಮೆಲ್ ಬಿ ಮತ್ತು ಜೆರಿ, ಹಟ ಬಿಡಲಿಲ್ಲ. ಕಂಪನಿ ಮಣಿಯಿತು.

ವಿಡಿಯೊ ತೆಗೆದದ್ದು 1996ರ ಏಪ್ರಿಲ್‌ನಲ್ಲಿ. ಬಾರ್ಸಿಲೋನಾದಲ್ಲಿ ತೆಗೆಯುವ ಯೋಚನೆ ಇತ್ತು, ಅನುಮತಿ ಸಿಗಲಿಲ್ಲ. ಹಾಗಾಗಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣಕ್ಕೆ ಅಂಟಿಕೊಂಡ ಹಳೆಯ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲ್‌ಗೆ ಬಂದರು. ಆಗ ಅದು ಪಾಳು ಬಿದ್ದಿತ್ತು. ನಿರ್ದೇಶಕ ಯೋಹಾನ್ ಕಾಮಿಟ್ಸ್ ಸ್ವೀಡನ್‌ನವರು, ಜಾಹೀರಾತು ತೆಗೆದು ಹೆಸರು ಮಾಡಿದವರು. ಹುಡುಗಿಯರು ಶ್ರೀಮಂತರ ಪಾರ್ಟಿಗೆ ನುಗ್ಗುತ್ತಾರೆ, ಅತಿಥಿಗಳ ಟೋಪಿ ಕಿತ್ತುಕೊಳ್ಳುತ್ತಾರೆ, ಮೆಟ್ಟಿಲ ಮೇಲೆ ಕುಣಿಯುತ್ತಾರೆ, ಬಂದ ಹಾಗೇ ಓಡಿಹೋಗುತ್ತಾರೆ. ಕ್ಯಾಮೆರಾ ನಿಲ್ಲದೆ ಅವರ ಹಿಂದೆ ಓಡುತ್ತದೆ. ಎಲ್ಲ ಒಂದೇ ಓಟದಲ್ಲಿ ತೆಗೆದ ಹಾಗೆ ಕಾಣುತ್ತದೆ.

ಕಂಪನಿಯವರ ದೂರು ಬಹಳ. ಬೆಳಕು ಸಾಲದು, ಎಲ್ಲ ಮಬ್ಬು, ಹುಡುಗಿಯರು ಚಳಿಯಲ್ಲಿ ನಡುಗುವುದು ಕಾಣುತ್ತದೆ, ಎಲ್ಲ ಅಸ್ತವ್ಯಸ್ತ. ದೂರು ಸುಳ್ಳಲ್ಲ. ಆದರೆ ಹಾಡು ಕೂಡ ಹಾಗೇ ಇತ್ತಲ್ವಾ?

ವಿಡಿಯೊವನ್ನು ‘ದಿ ಬಾಕ್ಸ್’ ಅನ್ನುವ ಕೇಬಲ್ ಚಾನೆಲ್‌ಗೆ ಕೊಟ್ಟರು. ಆ ಚಾನೆಲ್‌ನಲ್ಲಿ ಯಾವ ಹಾಡು ಬರಬೇಕು ಅಂತ ನಿರ್ಧರಿಸುತ್ತಿದ್ದವರು ನೋಡುಗರು. ದುಡ್ಡು ಕೊಟ್ಟು ಫೋನ್ ಮಾಡಿ ಹಾಡು ಕೇಳಬೇಕಿತ್ತು. ಮನೆಯ ಫೋನ್ ಬಿಲ್ ಬಗ್ಗೆ ಚಿಂತೆ ಇಲ್ಲದವರು ಮಕ್ಕಳು ತಾನೇ! ವಿಡಿಯೊ ಒಂದು ಹಂತದಲ್ಲಿ ವಾರಕ್ಕೆ 70 ಸಲದವರೆಗೂ ಬಂತು. ಸಿಡಿ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಕೊಳ್ಳುವ ಆಸೆ ಮೊದಲೇ ಹುಟ್ಟಿಸಿ, ವಸ್ತುವನ್ನು ಆಮೇಲೆ ಕೊಡುವ ಈ ಕ್ರಮ ಆ ಕಾಲದ ಬ್ರಿಟಿಷ್ ಪಾಪ್‌ನ ಮುಖ್ಯ ತಂತ್ರ. ಯಾಕೆ ಅಂತ ತಿಳಿಯಬೇಕಾದರೆ ಚಾರ್ಟ್, ಅಂದರೆ ಈ ಮಾರಾಟದ ಪಟ್ಟಿ, ಆಗ ಹೇಗೆ ನಡೆಯುತ್ತಿತ್ತು ಅಂತ ನೋಡಬೇಕು.

ಬ್ರಿಟನ್ನಿನಲ್ಲಿ ಮೊದಲ ಸಿಂಗಲ್ಸ್ ಚಾರ್ಟ್ ಬಂದದ್ದು 1952ರ ನವೆಂಬರ್‌ನಲ್ಲಿ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯವರು ಕೆಲವು ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಏನು ಚೆನ್ನಾಗಿ ಹೋಯಿತು ಅಂತ ಕೇಳಿ ಪಟ್ಟಿ ಮಾಡಿದರು. 1996ರ ಹೊತ್ತಿಗೆ ಅಂಗಡಿಗಳ ಬಿಲ್ಲಿಂಗ್ ಯಂತ್ರದಿಂದಲೇ ಲೆಕ್ಕ ಹೋಗುತ್ತಿತ್ತು. ಸಿಡಿ ಮೇಲಿನ ಬಾರ್‌ಕೋಡ್ ಓದಿಸಿದರೆ ಒಂದು ಮತ ಬಿದ್ದ ಹಾಗೆ. ಆಗ ಭಾನುವಾರದಿಂದ ಶನಿವಾರದವರೆಗೆ ಒಂದು ವಾರ. ಭಾನುವಾರ ಸಂಜೆ ಬಿಬಿಸಿ ರೇಡಿಯೊ ಒನ್‌ನಲ್ಲಿ ಪಟ್ಟಿ ಪ್ರಕಟ. ರೇಡಿಯೊದಲ್ಲಿ ಹಾಡು ಎಷ್ಟು ಸಲ ಬಂತು ಅನ್ನುವುದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಮಾರಾಟ ಒಂದೇ ಅಳತೆಯಾಗಿತ್ತು.

ಪಟ್ಟಿ ವಾರದ ಮಾರಾಟವನ್ನು ಅಳೆಯುತ್ತಿತ್ತು, ಒಟ್ಟು ಮಾರಾಟವನ್ನಲ್ಲ. ಇದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆರು ತಿಂಗಳಲ್ಲಿ ನಿಧಾನವಾಗಿ 2 ಲಕ್ಷ ಪ್ರತಿ ಮಾರಿದ ಹಾಡು ಮೇಲಕ್ಕೆ ಬಾರದೇ ಇರಬಹುದು. ಒಂದೇ ವಾರದಲ್ಲಿ ಅದರ ಅರ್ಧ ಮಾರಿದ ಹಾಡು ನಂಬರ್ ಒನ್ ಆಗಬಹುದು. ಕಂಪನಿಗಳು ಇದನ್ನು ಅರಿತು ಎಲ್ಲ ಬೇಡಿಕೆಯನ್ನೂ ಮೊದಲ ವಾರಕ್ಕೆ ತುರುಕಲು ನೋಡುತ್ತಿದ್ದವು. ಹಾಡನ್ನು ವಾರಗಟ್ಟಲೆ ಮುಂಚೆ ರೇಡಿಯೊ, ಟಿವಿಗೆ ಕೊಡುವುದು. ಮೊದಲ ವಾರ ಬೆಲೆ ಇಳಿಸುವುದು. ಒಂದೇ ಹಾಡಿಗೆ ಎರಡು ಸಿಡಿ, ಒಂದು ಕ್ಯಾಸೆಟ್ ಮಾಡಿ ಪ್ರತಿಯೊಂದರಲ್ಲೂ ಬೇರೆ ಹೆಚ್ಚುವರಿ ಹಾಡು ಇಡುವುದು, ಹುಚ್ಚು ಅಭಿಮಾನಿ ಎಲ್ಲವನ್ನೂ ಕೊಳ್ಳಲಿ ಅಂತ. ಇದರ ಫಲವಾಗಿ 90ರ ದಶಕದ ನಡುವಿನಿಂದ ಎಷ್ಟೋ ಹಾಡುಗಳು ಮೊದಲ ವಾರವೇ ತುದಿಗೆ ಬಂದು, ಎರಡನೇ ವಾರ ಜಾರಿ ಬೀಳುತ್ತಿದ್ದವು.

‘ವಾನಬೀ’ ತಿರುಗುಮುರುಗು. ಜುಲೈ 14ರ ಭಾನುವಾರ ಅದು ಮೂರನೇ ಸ್ಥಾನಕ್ಕೆ ಬಂತು. ಆ ವಾರ ನಂಬರ್ ಒನ್ ಆದದ್ದು ಗ್ಯಾರಿ ಬಾರ್ಲೋ ಹಾಡು. ಬಾರ್ಲೋ ಅಂದರೆ ಅದೇ ವರ್ಷ ಫೆಬ್ರವರಿಯಲ್ಲಿ ಒಡೆದುಹೋದ ‘ಟೇಕ್ ದಟ್’ ಅನ್ನುವ ಹುಡುಗರ ತಂಡದ ಮುಖ್ಯ ಗಾಯಕ. ಅವನಿಗೆ ಮೊದಲೇ ಅಭಿಮಾನಿಗಳ ಸೈನ್ಯ ಇತ್ತು, ಮೊದಲ ವಾರವೇ ಎಲ್ಲರೂ ಕೊಂಡರು. ಇವರಿಗೆ ಅಂಥ ಸೈನ್ಯ ಇರಲಿಲ್ಲ. ಹಾಡು ಕೇಳಿದವರು ಇನ್ನೊಬ್ಬರಿಗೆ ಹೇಳಿ, ಅವರು ಕೊಂಡು, ಎರಡನೇ ವಾರ ಮಾರಾಟ ಏರಿತು. ಜುಲೈ 21ಕ್ಕೆ ನಂಬರ್ ಒನ್. ದುಡ್ಡು ಸುರಿದು ಮೊದಲ ವಾರ ಗೆಲ್ಲಬಹುದು, ಆದರೆ ಎರಡನೇ ವಾರ ಏರಬೇಕಾದರೆ ಜನಕ್ಕೇ ಬೇಕಾಗಬೇಕು. ಆಗ ಹುಡುಗಿಯರು ಬ್ರಿಟನ್ನಿನಲ್ಲೇ ಇರಲಿಲ್ಲ, ಪ್ರಚಾರಕ್ಕೆ ಜಪಾನ್‌ಗೆ ಹೋಗಿದ್ದರು. ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮಕ್ಕೆ ಅಲ್ಲಿಂದಲೇ ಉಪಗ್ರಹದ ಮೂಲಕ ಹಾಡಿದರು.

ಅದೇ ಹೆಸರಿನ ಪತ್ರಿಕೆಯೂ ಒಂದಿತ್ತು. ಅದರ ಸಂಪಾದಕ ಪೀಟರ್ ಲೋರೇನ್ ಐವರಿಗೂ ಅಡ್ಡಹೆಸರು ಇಟ್ಟರು: ಪಾಶ್, ಸ್ಕೇರಿ, ಸ್ಪೋರ್ಟಿ, ಬೇಬಿ, ಜಿಂಜರ್. ರ್ಯಾಪ್‌ನಲ್ಲಿ ಶುರುವಾದ ಪರಿಚಯದ ಕೆಲಸ ಇಲ್ಲಿ ಪೂರ್ತಿಯಾಯಿತು. ಶಾಲೆಯ ಅಂಗಳದಲ್ಲಿ ಐದು ಹುಡುಗಿಯರು ಸೇರಿದರೆ ‘ನಾನು ಬೇಬಿ, ನೀನು ಸ್ಪೋರ್ಟಿ’ ಅಂತ ಹಂಚಿಕೊಂಡು ಆಡಬಹುದಿತ್ತು. ಬ್ರಿಟನ್ ಒಂದರಲ್ಲೇ ಸಿಂಗಲ್ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿತು.

ಅಮೆರಿಕದ ಲೆಕ್ಕ ಬೇರೆ. ಅಲ್ಲಿನ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಮಾರಾಟದ ಜೊತೆ ರೇಡಿಯೊ ಪ್ರಸಾರವನ್ನೂ ಕೂಡಿಸುತ್ತದೆ. ಹಾಗಾಗಿ ಊರೂರಿನ ರೇಡಿಯೊ ಕೇಂದ್ರಗಳನ್ನು ಒಪ್ಪಿಸದೆ ಮೇಲೆ ಬರುವುದು ಕಷ್ಟ. ಬ್ರಿಟನ್ನಿನಲ್ಲಿ ಗೆದ್ದ ಎಷ್ಟೋ ತಂಡಗಳು ಅಲ್ಲಿ ಮುಗ್ಗರಿಸಿವೆ. ‘ವಾನಬೀ’ 1997ರ ಜನವರಿಯಲ್ಲಿ ಅಲ್ಲಿನ ಪಟ್ಟಿಗೆ 11ನೇ ಸ್ಥಾನದಲ್ಲಿ ಬಂತು, ಫೆಬ್ರವರಿ 22ರ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿ ನಾಲ್ಕು ವಾರ ಉಳಿಯಿತು. ಅದೇ ಫೆಬ್ರವರಿಯಲ್ಲಿ ಬ್ರಿಟ್ ಅವಾರ್ಡ್ಸ್‌ನಲ್ಲಿ ವರ್ಷದ ಬ್ರಿಟಿಷ್ ಸಿಂಗಲ್ ಪ್ರಶಸ್ತಿಯೂ ಸಿಕ್ಕಿತು.

ಈ ತಂಡ ಬಳಸಿದ ‘ಗರ್ಲ್ ಪವರ್’ (ಹುಡುಗಿಯರ ಶಕ್ತಿ) ಅನ್ನುವ ಘೋಷಣೆಯ ಬಗ್ಗೆ ಒಂದು ಮಾತು. ಅದು ಇವರು ಹುಟ್ಟಿಸಿದ್ದಲ್ಲ. 90ರ ದಶಕದ ಆರಂಭದಲ್ಲೇ ಅಮೆರಿಕದ ಹೆಣ್ಣುಮಕ್ಕಳ ಪಂಕ್ (ಒರಟು, ಗದ್ದಲದ ರಾಕ್) ತಂಡಗಳು ಅದನ್ನು ಬಳಸಿದ್ದವು, ಹೆಚ್ಚು ಸಿಟ್ಟಿನಿಂದ. ಇವರು ಅದನ್ನು ನಗಿಸಿ, ಮೆತ್ತಗೆ ಮಾಡಿ, ಪೆನ್ಸಿಲ್ ಬಾಕ್ಸ್ ಮೇಲೂ ಅಂಟಿಸಿ ಮಾರಿದರು. ಮಾರಿದ್ದು ನಿಜ. ಅದನ್ನು ಕೊಂಡ ಹುಡುಗಿಗೆ ಧೈರ್ಯ ಬಂದದ್ದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಇರಬಹುದು.

ನಮ್ಮ ದೇಶದಲ್ಲಿ ಆಗ ಚಾನೆಲ್ ವಿ, ಎಂಟಿವಿ ಕೇಬಲ್ ಮೂಲಕ ಮನೆಮನೆಗೆ ಬಂದ ಕಾಲ. ಈ ಹಾಡು ಬೆಂಗಳೂರು, ಮೈಸೂರಿನ ಕಾಲೇಜು ಹುಡುಗಿಯರಿಗೆ ಸಿಕ್ಕಿದ್ದೂ ಆ ದಾರಿಯಲ್ಲೇ. 2002ರಲ್ಲಿ ಚಾನೆಲ್ ವಿ ಟಿವಿ ಸ್ಪರ್ಧೆ ನಡೆಸಿ ‘ವಿವಾ’ ಅನ್ನುವ ಐದು ಹುಡುಗಿಯರ ತಂಡ ಕಟ್ಟಿತು. ನೇಹಾ ಭಾಸಿನ್, ಅನುಷ್ಕಾ ಮನ್‌ಚಂದಾ ಅಲ್ಲಿಂದ ಬಂದವರು. ತಂಡ ಬಹಳ ದಿನ ಬಾಳಲಿಲ್ಲ. ಹಾಡು ಅಂದರೆ ಸಿನಿಮಾ ಅನ್ನುವ ಪೇಟೆಯಲ್ಲಿ ಒಂಟಿ ಪಾಪ್ ತಂಡಕ್ಕೆ ನೆಲೆ ಕಷ್ಟ.

2014ರಲ್ಲಿ ಮ್ಯಾಂಚೆಸ್ಟರ್‌ನ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂ, ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಆನ್‌ಲೈನ್ ಆಟವೊಂದನ್ನು ನಡೆಸಿತು. ಹಾಡಿನ ತುಣುಕು ಕೇಳಿಸಿ, ಗುರುತು ಹಿಡಿಯಲು ಎಷ್ಟು ಹೊತ್ತು ಬೇಕಾಗುತ್ತದೆ ಅಂತ ಅಳೆದರು. 12 ಸಾವಿರಕ್ಕೂ ಹೆಚ್ಚು ಜನ ಆಡಿದರು. ‘ವಾನಬೀ’ಯನ್ನು ಜನ ಸರಾಸರಿ ಸುಮಾರು 2.3 ಸೆಕೆಂಡಿನಲ್ಲಿ ಗುರುತಿಸಿದರು. ಆಟದಲ್ಲಿದ್ದ ಹಾಡುಗಳಲ್ಲೆಲ್ಲ ಅದೇ ಮೊದಲು. ಇದನ್ನು ‘ಜಗತ್ತಿನ ಅತಿ ಆಕರ್ಷಕ ಹಾಡು’ ಅಂತ ಪತ್ರಿಕೆಗಳು ಬರೆದವು. ಅಷ್ಟು ದೂರ ಹೋಗಬೇಕಿಲ್ಲ. ಗುರುತು ಸಿಗುವುದಕ್ಕೂ ಇಷ್ಟವಾಗುವುದಕ್ಕೂ ವ್ಯತ್ಯಾಸ ಇದೆ, ಒಂದು ದಶಕ ಎಲ್ಲ ಕಡೆ ಕೇಳಿಸಿದ ಹಾಡಿನ ಗುರುತು ಬೇಗ ಸಿಗುವುದು ಸಹಜ. ಆದರೆ ಹಾಡು ಕಟ್ಟಿದ ರೀತಿಗೂ ಪಾತ್ರ ಇದೆ. ಎಲ್ಲಿಂದ ಕತ್ತರಿಸಿದರೂ ಒಂದು ಹುಕ್ ಕೈಗೆ ಸಿಗುತ್ತದೆ.

ಈಗ ಇಂಥ ಹಾಡು ಬಂದರೆ ಲೆಕ್ಕ ಹೇಗೆ? ಬ್ರಿಟಿಷ್ ಪಟ್ಟಿಗೆ 2005ರಲ್ಲಿ ಡೌನ್‌ಲೋಡ್ ಸೇರಿತು, 2014ರ ಜುಲೈಯಲ್ಲಿ ಸ್ಟ್ರೀಮಿಂಗ್ ಸೇರಿತು. ಆರಂಭದಲ್ಲಿ 100 ಸಲ ಸ್ಟ್ರೀಮ್ ಆದರೆ ಒಂದು ಮಾರಾಟ ಅಂತ ಹಿಡಿದರು, 2017ರಲ್ಲಿ ಅದನ್ನು 150 ಮಾಡಿದರು, 2018ರಲ್ಲಿ ದುಡ್ಡು ಕೊಟ್ಟು ಕೇಳುವವರಿಗೆ ಒಂದು ಲೆಕ್ಕ, ಪುಕ್ಕಟೆ ಕೇಳುವವರಿಗೆ ಇನ್ನೊಂದು ಲೆಕ್ಕ ಬಂತು. ಸಿಡಿ ಕಾಲದಲ್ಲಿ ಒಂದು ಹುಡುಗಿ ಸಿಡಿ ಕೊಂಡರೆ ಒಂದೇ ಮತ, ಮನೆಗೆ ಹೋಗಿ ಸಾವಿರ ಸಲ ಹಾಕಿದರೂ ಅಷ್ಟೇ. ಈಗ ಅವಳು ಹಾಕಿದ ಪ್ರತಿ ಸಲವೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಹಾಡುಗಳು ತಿಂಗಳುಗಟ್ಟಲೆ ಮೇಲೆ ಕೂರತೊಡಗಿದವು. 2017ರಲ್ಲಿ ಬ್ರಿಟಿಷ್ ಗಾಯಕ ಎಡ್ ಶೀರನ್ ಒಬ್ಬನ ಹಾಡುಗಳೇ ಮೇಲಿನ ಹತ್ತರಲ್ಲಿ ಒಂಬತ್ತು ಜಾಗ ಹಿಡಿದವು. ಆಮೇಲೆ ಒಬ್ಬ ಕಲಾವಿದನಿಗೆ ಒಂದು ಸಲಕ್ಕೆ ಮೂರೇ ಹಾಡು ಅನ್ನುವ ಮಿತಿ ತಂದರು. ಇಳಿಯುತ್ತಿರುವ ಹಳೆಯ ಹಾಡಿನ ಸ್ಟ್ರೀಮ್‌ಗೆ ಕಡಿಮೆ ಬೆಲೆ ಕಟ್ಟುವ ನಿಯಮವನ್ನೂ ತಂದರು, ಹೊಸಬರಿಗೆ ಜಾಗ ಸಿಗಲಿ ಅಂತ.